ಏಣಿಯ ಎಡಗಡೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಅಭ್ಯಾಸ ಪಂದ್ಯದ ಕ್ಲಿಪ್ 31ರಿಂದ 44. ಧ್ವನಿ ಆಫ್. ಕಾಫಿ ಆರಿತ್ತು, ಹಾಗೇ ಕುಡಿದೆ.

ಗೊತ್ತಿರುವುದಿಷ್ಟು. ಹುಡುಗನಿಗೆ ಹತ್ತೊಂಬತ್ತು. ಎತ್ತರ ಆರಡಿ ಒಂಬತ್ತಿಂಚು. ತಂಡದವರು ಇಟ್ಟ ಹೆಸರು ಏಣಿ. ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್‌ಗೆ ಒಂದು ತಿಂಗಳ ಪರೀಕ್ಷೆಗೆ ಬಂದಿದ್ದಾನೆ. ಸೆಂಟರ್ ಜಾಗ ಒಂದೇ ಖಾಲಿ ಇದೆ. ಇನ್ನೊಬ್ಬ ಉಮೇದುವಾರನ ಅಡ್ಡಹೆಸರು ಗೋಡೆ, ವಯಸ್ಸು ಇಪ್ಪತ್ತೇಳು. ಬುಟ್ಟಿಯ ಕೆಳಗೆ ನಿಲ್ಲುತ್ತಾನೆ, ಕೊಟ್ಟ ಚೆಂಡನ್ನು ಒಳಗೆ ಹಾಕುತ್ತಾನೆ. ಅವನ ಕೈಗೆ ಹೋದ ಚೆಂಡು ಮಾತ್ರ ಬೇರೆಯವರಿಗೆ ವಾಪಸ್ ಬರುವುದಿಲ್ಲ. ಕೋಚ್‌ಗೆ ಬೇಕಾಗಿರುವುದು ಚೆಂಡು ಹಂಚುವ ಸೆಂಟರ್. ಏಣಿ ಹಂಚಬಲ್ಲನೋ ಇಲ್ಲವೋ, ಅದನ್ನು ಹೇಳಬೇಕಾದವಳು ನಾನು. 28ರ ಶುಕ್ರವಾರ ಹನ್ನೊಂದಕ್ಕೆ ವರದಿ ಮೇಜಿನ ಮೇಲಿರಬೇಕು.

ಕ್ಲಿಪ್ 36: ಬೆನ್ನ ಹಿಂದಿನಿಂದ ಓಡಿ ಬಂದವನಿಗೆ ನೆಲಕ್ಕೆ ಬಡಿದು ಕೊಟ್ಟ ಪಾಸ್. ನೋಡಲೇ ಇಲ್ಲ, ಕೊಟ್ಟ. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಕ್ಲಿಪ್ 39: ಅದೇ ಆಟ, ಅದೇ ಜಾಗ. ಪಕ್ಕದಲ್ಲೇ ಒಬ್ಬ ಖಾಲಿ ನಿಂತಿದ್ದಾನೆ. ಇವನು ನೆಟ್ಟ ಗೂಟ. ಚೆಂಡು ಹೋಯಿತು.

ಇಬ್ಬರು ಏಣಿಗಳಿದ್ದಾರೆಯೇ?

ಮಾರ್ಚ್ 5, ಬುಧವಾರ

ಜಿಮ್‌ನಲ್ಲಿ ಎರಡು ಗಂಟೆ. ಕಿವಿಗೆ ಎಂದಿನಂತೆ ಹತ್ತಿ. ರೇಡಿಯೋ ಕೇಳಿದ, "ಮೇಡಂ, ನಮ್ಮ ಮಾತು ಅಷ್ಟೊಂದು ಕೆಟ್ಟದಾ?" ರೇಡಿಯೋ ನಮ್ಮ ಪಾಯಿಂಟ್ ಗಾರ್ಡ್, ಚೆಂಡು ತರುವವನು. ಬಾಯಿ ನಿಂತರೆ ಕಾಲೂ ನಿಲ್ಲುತ್ತದೆ ಎಂಬುದು ಅವನ ಬಗ್ಗೆ ತಂಡದಲ್ಲಿ ಓಡಾಡುವ ಮಾತು.

ಹತ್ತಿಗೆ ಕಾರಣವಿದೆ. ಮೂರು ವರ್ಷದ ಹಿಂದೆ ಒಬ್ಬ ಸೆಂಟರ್ ಬಗ್ಗೆ 'ಅಪರೂಪದ ಪಾಸರ್' ಎಂದು ಬರೆದೆ. ವೀಕ್ಷಕ ವಿವರಣೆಗಾರ ಪ್ರತಿ ಪಾಸಿಗೂ ಹಾಡಿ ಹೊಗಳುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ಅವರ ಜೊತೆ ತಲೆದೂಗಿದೆ. ಒಂದು ಸೀಸನ್‌ನಲ್ಲೇ ಅವನ ಬಣ್ಣ ಬಯಲಾಯಿತು. ಕ್ಲಬ್‌ನಲ್ಲಿ ಈಗಲೂ ಅವನಿಗೆ 'ಮೇಡಂ ಶೋಧನೆ' ಎಂದೇ ಹೆಸರು. ಅಂದಿನಿಂದ ಕಣ್ಣಿಗೆ ಮಾತ್ರ ಕೆಲಸ, ಕಿವಿಗೆ ರಜೆ.

ಇವತ್ತಿನ ಲೆಕ್ಕ: ಏಣಿ ಕೊಟ್ಟ ಪಾಸ್ 38, ಸರಿ 27, ಕಳೆದದ್ದು 11. ಅಂಗಳದ ಬಲಭಾಗ, ಎಡಭಾಗ ಎಂದು ವಿಂಗಡಿಸಿದರೆ ವ್ಯತ್ಯಾಸವಿಲ್ಲ. ಏನೂ ಹೇಳದ ಅಂಕಿ. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಸಪಾಟಾಗಿದೆ.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಬೆಳಗಿನಿಂದ ಎದ್ದು ಕೂತು, ಎದ್ದು ಕೂತು... ಅಮ್ಮ ಹಾಲ್‌ನಿಂದ ಕೂಗಿ ಹೇಳಿದಳು: "ಕುರ್ಚಿಯಲ್ಲಿ ಮುಳ್ಳಿದ್ರೆ ತೆಗೆದುಹಾಕು."

ಕೊನೆಗೂ ಒಂದು ದಾರಿ ಸಿಕ್ಕಿತು. ಅಂಗಳದ ಎಡ ಬಲ ಬಿಟ್ಟು ಅವನ ಭುಜದ ಎಡ ಬಲ ನೋಡಿದೆ. ಅವನು ತಿರುಗಿದಂತೆ ಅದೂ ತಿರುಗುತ್ತದೆ. ಸ್ಟಾಪ್‌ವಾಚ್ ಹಿಡಿದು ಎಂಬತ್ತು ಪಾಸ್ ಮತ್ತೆ ಅಳೆದೆ. ಜೊತೆಗಾರ ಖಾಲಿಯಾದ ಗಳಿಗೆಯಿಂದ ಚೆಂಡು ಕೈಬಿಡುವವರೆಗೆ:

ಬಲ ಭುಜದ ಕಡೆ, 0.6 ಸೆಕೆಂಡು.
ಎಡ ಭುಜದ ಕಡೆ, 1.5 ಸೆಕೆಂಡು.

ಒಂದೂವರೆ ಸೆಕೆಂಡಿನಲ್ಲಿ ಎದುರಾಳಿ ನಡೆದುಕೊಂಡು ಬಂದರೂ ಚೆಂಡು ಕಿತ್ತುಕೊಳ್ಳಬಹುದು. ಬುಧವಾರ ಕಳೆದ ಹನ್ನೊಂದರಲ್ಲಿ ಒಂಬತ್ತು ಎಡದವು.

ಕೋಚ್‌ಗೆ ಫೋನ್ ಮಾಡಿ ಹೇಳಿದೆ. ಹದಿನೇಳನೇ ವಯಸ್ಸಿನಲ್ಲಿ ನನ್ನನ್ನು ಆಡಿಸಿದವರು; ಮೊಣಕಾಲು ಹೋದ ಮೇಲೆ ಈ ಕೆಲಸ ಕೊಟ್ಟವರೂ ಅವರೇ. ತಕ್ಷಣ ಅಂದರು, "ಎಡಗೈ ಸರಿಯಿಲ್ಲ." ನಾನೂ ಹೂಂ ಎಂದೆ. ಚಿಕ್ಕ ಟಿಪ್ಪಣಿ ಬರೆದು ಕಳಿಸಿದೆ: 'ಎಡಗೈ ದುರ್ಬಲ. ಎಡಕ್ಕೆ ಪಾಸ್ ನಿಧಾನ.' ಹಗುರಾಯಿತು.

ಮಾರ್ಚ್ 12, ಬುಧವಾರ

ಹಗುರಾಗಿದ್ದು ಎರಡೇ ದಿನ. ಕೋಚ್ ಟಿಪ್ಪಣಿಯನ್ನು ಮ್ಯಾನೇಜರ್‌ಗೆ ತೋರಿಸಿದ್ದಾರೆ. ಮ್ಯಾನೇಜರ್ ಗೋಡೆಯ ಕಡೆಗೆ ವಾಲಿದ್ದಾನೆ. ಮೆಟ್ಟಿಲ ಮೇಲೆ ಸಿಕ್ಕಿ, ಪಾಪ, ಒಳ್ಳೇ ಎತ್ತರ, ಕೈ ಮಾತ್ರ ಒಂದೇ, ಎಂದು ನಕ್ಕ. ನಾನು ನಗಲಿಲ್ಲ. ನಾನು ಏಣಿಯ ಎಡಗೈಯನ್ನು ಪರೀಕ್ಷೆ ಮಾಡಿಯೇ ಇಲ್ಲ. ಸೆಕೆಂಡು ಎಣಿಸಿದೆ, ಕೈ ಎಂದು ಬರೆದೆ.

ಮಾರ್ಚ್ 15, ಶನಿವಾರ

ಅಭ್ಯಾಸ ಮುಗಿದ ಮೇಲೆ ಏಣಿಯನ್ನು ನಿಲ್ಲಿಸಿಕೊಂಡೆ. ಹತ್ತು ಹೆಜ್ಜೆ ದೂರದಲ್ಲಿ ಒಂದು ನೀರಿನ ಬಾಟಲಿ ಇಟ್ಟು, ಎಡಗೈಯಿಂದ ಹೊಡೆ ಎಂದೆ. ನೆಲಕ್ಕೆ ಬಡಿದು ಇಪ್ಪತ್ತು ಸಲ. ಹದಿನೆಂಟು ಸಲ ಬಾಟಲಿ ಬಿತ್ತು. ಬಲಗೈಯಲ್ಲಿ ಹದಿನೇಳು.

ಕೈ ಸರಿಯಾಗಿದೆ. ಬಲಗೈಗಿಂತ ಒಂದು ಹೆಚ್ಚೇ.

ಕೋಚ್‌ಗೆ ಫೋನ್. ಟಿಪ್ಪಣಿ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಕೋಚ್ ಅಂದರು:

"ಅವತ್ತು ಒಬ್ಬನನ್ನ ಅಟ್ಟಕ್ಕೇರಿಸಿದೆ. ಇವತ್ತು ಒಬ್ಬನ ಕೈ ಕಿತ್ತೆ, ಈಗ ಮತ್ತೆ ಅಂಟಿಸ್ತಿದ್ದೀಯ. ನಾನು ಯಾವುದನ್ನ ನಂಬ್ಲಿ?"

ಬಾಟಲಿಯನ್ನು ನಂಬಿ ಸರ್ ಎಂದೆ. ನಗಲಿಲ್ಲ. ಕಾರಣ ಹುಡುಕು, ಇಲ್ಲದಿದ್ದರೆ ಗೋಡೆ, ಎಂದು ಫೋನ್ ಇಟ್ಟರು.

ಇನ್ನು ಹದಿಮೂರು ದಿನ. ವರದಿಯ ನಮೂನೆಯಲ್ಲಿ ನಾಲ್ಕನೇ ಪುಟ: 'ದೋಷ'. ಅದರ ಕೆಳಗೆ: 'ಕಾರಣ'. ದೋಷ ತುಂಬಿದ್ದೇನೆ. ಕಾರಣ ಖಾಲಿ.

ಮಾರ್ಚ್ 19, ಬುಧವಾರ. ಸಂಜೆ 5

ನಿಧಾನವಾಗಿ ಬರೆಯಬೇಕು. ಕೈ ಓಡುತ್ತಿದೆ.

ಕ್ಲಬ್‌ನ ವಿಡಿಯೋ ಕೋಣೆಗೆ ಬಣ್ಣ ಹೊಡೆಯುತ್ತಿದ್ದಾರೆ. ಹಾಗಾಗಿ ಏಣಿಯನ್ನು ಮೂರು ಗಂಟೆಗೆ ಮನೆಗೆ ಕರೆದೆ, ಅವನ ಕ್ಲಿಪ್‌ಗಳನ್ನು ಅವನಿಗೇ ತೋರಿಸಲು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಮೂರು ಜನ ಕೂರುವ ಸೋಫಾ, ಪಕ್ಕದಲ್ಲಿ ಎರಡು ಕುರ್ಚಿ. ಎಲ್ಲ ಖಾಲಿ. ನೇರ ಹೋಗಿ ಸೋಫಾದ ಎಡತುದಿಯಲ್ಲಿ, ಗೋಡೆಗೆ ಅಂಟಿಕೊಂಡು ಕೂತ.

ಅಮ್ಮ ಒಳಗಿನಿಂದ ಬಂದು ಅವನ ಮುಂದೆ ನಿಂತಳು. "ಅದು ನನ್ನ ಜಾಗ ಕಣಪ್ಪ."

ಗಾಬರಿಯಿಂದ ಎದ್ದ. ಕುರ್ಚಿಗೆ ಹೋದ. ಕುರ್ಚಿಯನ್ನು ಎತ್ತಿ ಆ ಕಡೆಗೆ ತಿರುಗಿಸಿ, ಮತ್ತೆ ಎತ್ತಿ ಇನ್ನೊಂದು ಕಡೆಗೆ ಇಟ್ಟ. ಅಮ್ಮ ಅವನನ್ನು ಓದು ಬಾರದವರು ಪತ್ರ ನೋಡಿದ ಹಾಗೆ ನೋಡುತ್ತಿದ್ದಳು. ನಾನು ಅಷ್ಟು ಗಮನ ಕೊಡಲಿಲ್ಲ. ಕ್ಲಿಪ್ ಹಾಕಿದೆ. ಇಲ್ಲಿ ಯಾಕೆ ತಡ, ಎಂದರೆ ಕಾಣಲಿಲ್ಲ ಎಂದ. ಇಲ್ಲಿ? ಕಾಣಲಿಲ್ಲ. ಎಂಟು ಸಲ ಅದೇ ಉತ್ತರ. ಒಂದು ತಾಸು ಕೂತು ಹೋದ.

ಬಾಗಿಲು ಹಾಕಿ ತಿರುಗಿದ ಕೂಡಲೇ ಅಮ್ಮ ಹೇಳಿದಳು:

"ಆ ಹುಡುಗನಿಗೆ ಎಡಗಿವಿ ಕೇಳಿಸಲ್ಲ."

ಏನಮ್ಮಾ ನೀನು ಎಂದೆ.

"ಐವತ್ತು ವರ್ಷದಿಂದ ನಾನು ಕೂರೋ ಹಾಗೇ ಕೂತ. ನೀನು ಅವನ ಎಡಗಡೆಯಿಂದ ಲೋಟ ಚಾಚಿ 'ತಗೋ' ಅಂದೆ. ಅವನು ತಿರುಗಿದ್ದು ಲೋಟ ಕಣ್ಣಿಗೆ ಬಿದ್ದ ಮೇಲೆ. ಇಷ್ಟು ದಿನ ಏನು ನೋಡ್ತಿದ್ದೆ ನೀನು?"

ನೋಡುತ್ತಿದ್ದೆ. ಅದೇ ತಪ್ಪು. ಕೇಳುತ್ತಿರಲಿಲ್ಲ.

ಎಡತುದಿಯಲ್ಲಿ ಕೂತರೆ ಎಲ್ಲರೂ ಬಲಕ್ಕೆ ಸಿಗುತ್ತಾರೆ. ಅಮ್ಮನಿಗೂ ಎಡಗಿವಿ ಕೇಳಿಸುವುದಿಲ್ಲ; ಅವಳ ಬಲಗಡೆ ನಡೆಯಬೇಕು, ಬಲಗಡೆ ಕೂರಬೇಕು — ನಡೆಯಲು ಕಲಿತಾಗಲೇ ಕಲಿತ ಪಾಠ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆ.

ಅದೇ ದಿನ, 6.30

ಕ್ಲಿಪ್ 39. ಧ್ವನಿ ಆನ್. ಮೂರು ವರ್ಷದಲ್ಲಿ ಮೊದಲ ಸಲ.

ರೇಡಿಯೋನ ಗಂಟಲು ಸ್ಪಷ್ಟವಾಗಿ ಕೇಳುತ್ತದೆ. "ಇಲ್ಲಿ! ಇಲ್ಲಿ!" ಏಣಿಯ ಎಡ ಭುಜದ ಹಿಂದೆ, ಎರಡು ಹೆಜ್ಜೆ ದೂರ. ಏಣಿ ಅಲ್ಲಾಡುವುದಿಲ್ಲ. ಆಮೇಲೆ ತಲೆಯನ್ನು ಪೂರ್ತಿ ತಿರುಗಿಸಿ ನೋಡುತ್ತಾನೆ. ಅಷ್ಟರಲ್ಲಿ ಮುಗಿಯಿತು. ಹದಿನಾರು ಕ್ಲಿಪ್ ಹೀಗೆ. ಬಲದಿಂದ ಕೂಗಿದರೆ ಕೂಗು ಮುಗಿಯುವ ಮೊದಲೇ ಚೆಂಡು ಹೋಗಿರುತ್ತದೆ.

ಮತ್ತೊಂದು. ಚೆಂಡು ಕೈಗೆ ಬರುವ ಮೊದಲೇ ಅವನು ಎರಡು ಸಲ ಎಡಕ್ಕೆ ಕತ್ತು ತಿರುಗಿಸುತ್ತಾನೆ. ಮೊದಲ ವಾರ ನಾನೇ ಬರೆದಿದ್ದೇನೆ: 'ಗಮನ ಚಂಚಲ.' ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 1

ಕೋಚ್ ಹತ್ತಿರ ಹತ್ತು ನಿಮಿಷ ಬೇಡಿದೆ. ಮುಂದಿನ ತಿಂಗಳು ಆಡಬೇಕಾದ ಹೊರಗಿನ ಅಂಗಳದಲ್ಲಿ ಡೋಲು, ಪೀಪಿ, ಪಕ್ಕದವನ ಮಾತೂ ಕೇಳುವುದಿಲ್ಲ. ಒಂದು ಸಲ ಮಾತಿಲ್ಲದೆ ಆಡಿಸೋಣ ಎಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಒಪ್ಪಿದರು.

ಐದೈದು ಜನ. ಬಾಯಿ ಬಿಟ್ಟವರು ಹೊರಗೆ. ಮೊದಲ ನಿಮಿಷದಲ್ಲೇ ರೇಡಿಯೋ ಎರಡು ಸಲ ಹೊರಗೆ ಹೋದ. ಶೂಗಳ ಕಿರ್ ಕಿರ್ ಬಿಟ್ಟರೆ ಜಿಮ್ ಪರೀಕ್ಷೆಯ ಕೋಣೆ. ಅಭ್ಯಾಸದ ಬಲದಿಂದ ಯಾರೂ ಇಲ್ಲದ ಜಾಗಕ್ಕೆ ಚೆಂಡು ಎಸೆದರು. ಇಬ್ಬರು ಡಿಕ್ಕಿ ಹೊಡೆದುಕೊಂಡರು. ಮೂರು ನಿಮಿಷದ ಮೇಲೆ ಬೇರೆ ದಾರಿ ಕಾಣದೆ ಕೈ ಎತ್ತತೊಡಗಿದರು. ಏಣಿಗೆ ಕೈ ಎತ್ತಿದರೆ ಸಾಕು. ಅವನು ಮೊದಲೇ ನೋಡಿಟ್ಟಿರುತ್ತಾನೆ.

ಹತ್ತು ನಿಮಿಷದ ಲೆಕ್ಕ:
ಬೇರೆ ಒಂಬತ್ತು ಜನ ಕಳೆದ ಚೆಂಡು 14.
ಏಣಿ ಕೊಟ್ಟ ಪಾಸ್ 12, ಕಳೆದದ್ದು ಸೊನ್ನೆ.
ಬಲಕ್ಕೆ 0.6. ಎಡಕ್ಕೆ 0.7.

ಎರಡು ಸಲ ನೋಡಿದೆ ವಾಚನ್ನು. 0.7.

ಕೋಚ್ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದು ಮರೆತು ನಿಂತಿದ್ದರು. ಗೋಡೆ ಬಂದು ನನ್ನ ಪಕ್ಕ ಕೂತ. ಬೆವರು ಒರೆಸುತ್ತಾ, ಆ ಹುಡುಗನ ಜೊತೆ ಆಡುವುದಾದರೆ ತಾನು ಇನ್ನೂ ಹತ್ತು ಅಂಕ ಹೆಚ್ಚು ಹಾಕುತ್ತೇನೆ, ಆದರೆ ಜಾಗ ಒಂದೇ ಇರುವುದು, ಅಂದ. ಒಳ್ಳೆಯ ಮನುಷ್ಯ.

ಮಾರ್ಚ್ 22, ಶನಿವಾರ

ಅಭ್ಯಾಸದ ನಂತರ ಗ್ಯಾಲರಿಯಲ್ಲಿ ಏಣಿ ಒಬ್ಬನೇ ಶೂ ಬಿಚ್ಚುತ್ತಿದ್ದ. ಬೇಕೆಂದೇ ಅವನ ಎಡಕ್ಕೆ ಹೋಗಿ ಕೂತೆ. ಮೆಲ್ಲಗೆ, ನಿನ್ನ ಟವೆಲ್ ಕೆಳಗೆ ಬಿದ್ದಿದೆ ಎಂದೆ. ಅವನು ಲೇಸ್ ಬಿಚ್ಚುತ್ತಲೇ ಇದ್ದ. ನಾಚಿಕೆಯಾಯಿತು — ಅಮ್ಮನಿಗೆ ಯಾರಾದರೂ ಹೀಗೆ ಮಾಡಿದ್ದರೆ? ಎದ್ದು ಬಲಕ್ಕೆ ಬಂದು ಕೂತೆ. ಅಷ್ಟರಿಂದಲೇ ಅವನಿಗೆ ಗೊತ್ತಾಯಿತು.

"ಯಾರು ಹೇಳಿದ್ರು?"

"ನಮ್ಮಮ್ಮ."

"ನಾನೂ ಅವ್ರನ್ನ ಅವತ್ತೇ ಕಂಡುಹಿಡಿದೆ," ಅಂದ. "ಸೋಫಾ ಬಿಟ್ಟುಕೊಡಲೇ ಇಲ್ಲ ಅವ್ರು."

ಇಬ್ಬರೂ ನಕ್ಕೆವು. ನಗು ಬೇಗ ನಿಂತಿತು.

ಹುಟ್ಟಿದಾಗಿನಿಂದ ಆ ಕಿವಿ ಇಲ್ಲವಂತೆ. ಹೋದ ವರ್ಷ ಒಂದು ಕ್ಲಬ್‌ನಲ್ಲಿ ಪ್ರಾಮಾಣಿಕವಾಗಿ ಹೇಳಿದ್ದನಂತೆ. ಒಂದು ವಾರದಲ್ಲಿ ಮನೆಗೆ ಕಳಿಸಿದರು. ಆಟ ಸರಿಯಿಲ್ಲ ಎನ್ನಲಿಲ್ಲ. ಆಟ ನೋಡಲೇ ಇಲ್ಲ. ಅವನ ಅಕ್ಕ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿದು ಇವನನ್ನು ಆಟಕ್ಕೆ ಬಿಟ್ಟಿದ್ದಾಳೆ. ಇದು ಕೊನೆಯ ವರ್ಷ ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಇಲ್ಲಿ ಆಗದಿದ್ದರೆ ಅದೇ ಅಂಗಡಿಯ ಗೋದಾಮಿನಲ್ಲಿ ಮೇಲಿನ ಶೆಲ್ಫಿನ ಗಂಟು ಇಳಿಸುವ ಕೆಲಸ ಕಾದಿದೆ.

ಇಷ್ಟು ಹೇಳಿ ನೆಲ ನೋಡುತ್ತಾ ಅಂದ:

"ಎಡಗೈ ಸರಿಯಿಲ್ಲ ಅಂತಲೇ ಇರಲಿ ಅಕ್ಕ. ಕೈಯಾದ್ರೆ ಸರಿಹೋಗುತ್ತೆ ಅಂತ ಕಾಯ್ತಾರೆ. ಕಿವಿಗೆ ಯಾರೂ ಕಾಯಲ್ಲ."

ಇಷ್ಟು ದಿನ ಮೇಡಂ ಎನ್ನುತ್ತಿದ್ದವನು.

ಕೈ ಚೆನ್ನಾಗಿದೆ, ಚೆನ್ನಾಗಿದೆ ಎಂದೇ ಬರೆಯುತ್ತೇನೆ, ಅದರಲ್ಲಿ ಸುಳ್ಳು ಬರೆಯಲಾರೆ ಎಂದೆ. "ಕಿವಿ ನಿಂದು. ಅದನ್ನ ನಾನು ಬರೆಯಲ್ಲ. ನೀನೇ ಹೇಳ್ಬೇಕು." ಸಹಿಯಾದ ಮೇಲೆ ಗೊತ್ತಾದರೆ ಮುಚ್ಚಿಟ್ಟ ಎನ್ನುತ್ತಾರೆ, ಆಗ ಯಾವ ಕ್ಲಬ್ಬೂ ಇಲ್ಲ. ಅದನ್ನೂ ಹೇಳಿದೆ. ಶುಕ್ರವಾರ ಹನ್ನೊಂದಕ್ಕೆ ಕೋಣೆಗೆ ಅವನನ್ನೂ ಕರೆಯುತ್ತಾರೆ. ಅಲ್ಲಿ.

ಟವೆಲ್ ಎತ್ತಿಕೊಂಡು ಹೋದ.

ಮಾರ್ಚ್ 27, ಗುರುವಾರ. ಬೆಳಿಗ್ಗೆ

ಐದು ದಿನ ಬರೆದಿಲ್ಲ. ಬರೆಯಲು ಕೂತರೆ ಕಾಲು ಎದ್ದು ನಡೆಯುತ್ತಿತ್ತು. ಏಣಿ ಅಭ್ಯಾಸಕ್ಕೆ ಬರುತ್ತಾನೆ, ನನ್ನ ಕಡೆ ನೋಡುವುದಿಲ್ಲ.

ಒಂದು ಕ್ಷಣಕ್ಕೆ ಅನಿಸುತ್ತದೆ: ಅವನು ಹೇಳದಿದ್ದರೆ ನಾನೂ ಸುಮ್ಮನಿರಲೇ? ಕ್ಲಬ್ ನನಗೆ ಸಂಬಳ ಕೊಡುವುದು ತಿಳಿದದ್ದನ್ನು ಹೇಳಲು. ಇನ್ನೊಂದು ಕ್ಷಣಕ್ಕೆ: ನಾನೇ ಹೇಳಿಬಿಟ್ಟರೆ? ಅದು ಅವನ ಕೈಯಿಂದ ಚೆಂಡು ಕಿತ್ತುಕೊಂಡಂತೆ.

ಅಮ್ಮನನ್ನು ಕೇಳಿದೆ, ನೀನು ಕೆಲಸದಲ್ಲಿ ಯಾರಿಗೆ ಹೇಳಿದ್ದೆ? ಟಿಕೆಟ್ ಕೌಂಟರ್‌ನಲ್ಲಿ ಇಪ್ಪತ್ತಾರು ವರ್ಷ ದುಡಿದವಳು.

"ಯಾರಿಗೂ ಇಲ್ಲ. ಒಂದನೇ ಕೌಂಟರ್, ಎಡಕ್ಕೆ ಗೋಡೆ. ಬಡ್ತಿ ಕೊಟ್ಟು ಮಧ್ಯದ ಮೇಜಿಗೆ ಹಾಕಿದ್ರು. ಬೇಡ ಅಂದೆ. ಜನ ಜಂಬ ಅಂದ್ಕೊಂಡ್ರು. ಅಂದ್ಕೊಳ್ಳಲಿ ಅಂತ ಬಿಟ್ಟೆ." ಆಮೇಲೆ ಅಂದಳು, "ಆ ಮೇಜಿನ ಮೇಲೆ ಫ್ಯಾನ್ ಇತ್ತು. ಇಪ್ಪತ್ತಾರು ಬೇಸಿಗೆ ಆ ಫ್ಯಾನ್ ನೋಡ್ತಾ ಕೂತೆ."

ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ವರದಿ ಮುಗಿಸಿದೆ. ಎರಡು ಪಟ್ಟಿ ಪಕ್ಕಪಕ್ಕ: ಮಾತಿನ ಆಟ, ಮೌನದ ಆಟ. ಬಾಟಲಿಯ ಲೆಕ್ಕವೂ ಇದೆ. ಮೊದಲ ಟಿಪ್ಪಣಿ ನನ್ನ ತಪ್ಪು ಎಂದು ಒಂದು ಸಾಲು. ತೀರ್ಮಾನ: 'ನಾನು ಅಳೆದ ಸೆಂಟರ್‌ಗಳಲ್ಲಿ ಇವನಷ್ಟು ಮೊದಲೇ ನೋಡಿಟ್ಟುಕೊಳ್ಳುವವನು ಇನ್ನೊಬ್ಬನಿಲ್ಲ.' 'ಕಾರಣ' ಖಾಲಿ ಬಿಟ್ಟೆ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 12.20

ಕ್ರಮವಾಗಿ.

ಹತ್ತೂಮುಕ್ಕಾಲಿಗೇ ಹೋದೆ. ಉದ್ದ ಮೇಜು. ಒಂದು ಕುರ್ಚಿಯನ್ನು ಎಡತುದಿಗೆ, ಗೋಡೆಗೆ ತಾಗಿಸಿ ಇಟ್ಟೆ. ಅಲ್ಲಿ ಕೂತರೆ ಎಲ್ಲರೂ ಅವನ ಬಲಕ್ಕೆ. ಬೇಕಾದರೆ ಮುಚ್ಚಿಟ್ಟುಕೊಳ್ಳಲಿ, ಆ ದಾರಿಯೂ ಇರಲಿ ಎಂದು. ಸರಿಯೋ ತಪ್ಪೋ ಗೊತ್ತಿಲ್ಲ.

ಕೋಚ್ ಎದುರಿಗೆ. ಅದೇ ಸಾಲಿನ ಎರಡು ಕೊನೆಗೆ ಮ್ಯಾನೇಜರ್ ಮತ್ತು ನಾನು. ಏಣಿ 11.04ಕ್ಕೆ ಬಂದ. ಕುರ್ಚಿ ನೋಡಿದ. ನನ್ನನ್ನು ನೋಡಿದ. ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ, ಆ ಎಡಗೈಯಲ್ಲೇ, ಮೇಜಿನ ನಟ್ಟನಡುವೆ ತಂದು ಇಟ್ಟು ಕೂತ. ಈಗ ಮ್ಯಾನೇಜರ್ ಅವನ ಎಡಕ್ಕೆ.

ಮ್ಯಾನೇಜರ್ ವರದಿ ಮಗುಚುತ್ತಾ ಏನೋ ಕೇಳಿದ, ಮನೆಯಲ್ಲಿ ಎಷ್ಟು ಜನ ಎಂದೇನೋ. ಏಣಿ ಕೋಚ್ ಮುಖವನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ:

"ಸರ್, ಅವ್ರು ಈಗ ನನ್ನ ಏನೋ ಕೇಳಿದ್ರು. ನಿಮ್ಮ ಕಣ್ಣು ಆ ಕಡೆ ಹೋಗಿ ನನ್ನ ಹತ್ರ ಬಂತು, ಅದರಿಂದ ಗೊತ್ತಾಯ್ತು. ಏನು ಕೇಳಿದ್ರು ಅಂತ ಕೇಳಿಸ್ಲಿಲ್ಲ. ಈ ಕಿವಿ ನನಗೆ ಹುಟ್ಟಿನಿಂದ ಇಲ್ಲ."

ಮ್ಯಾನೇಜರ್ ವರದಿ ಮುಚ್ಚಿದ. ಕೋಚ್ ನನ್ನ ಕಡೆ ತಿರುಗಿ, ಗೊತ್ತಿತ್ತಾ, ಎಂದರು. ಒಂಬತ್ತು ದಿನದಿಂದ ಎಂದೆ. ವರದಿಯಲ್ಲಿ ಇಲ್ಲವಲ್ಲ ಎಂದರು. ನಾಲ್ಕನೇ ಪುಟ ತೆಗೆದು ಖಾಲಿ ಜಾಗ ತೋರಿಸಿದೆ. ತಮ್ಮ ಪೆನ್ನನ್ನು ಏಣಿಯ ಮುಂದೆ ಉರುಳಿಸಿದರು. ಅವನು ಎರಡು ಪದ ಬರೆದ. ಎಡಗಿವಿ ಇಲ್ಲ.

ಗೋಡೆಯಾದರೆ ತಲೆನೋವಿಲ್ಲ ಎಂದು ಮ್ಯಾನೇಜರ್ ಗೊಣಗಿದ. ಕೋಚ್ ಸೋಮವಾರ ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದರು. ವರದಿಯ ಎರಡು ಪಟ್ಟಿಗಳ ಪುಟ ಮಡಚಿ ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ.

ಮೂರು ದಿನ. ಮೂರು ದಿನ ಹೇಗೆ ಕಳೆಯುವುದು...

ಮಾರ್ಚ್ 31, ಸೋಮವಾರ. ಬೆಳಿಗ್ಗೆ 8.50. ಜಿಮ್, ಗ್ಯಾಲರಿಯಲ್ಲಿ

ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಕೋಚ್ ಕೈಬರಹ. 'ದಿನವೂ ಮೊದಲ ಇಪ್ಪತ್ತು ನಿಮಿಷ ಯಾರೂ ಬಾಯಿ ಬಿಡಬಾರದು. ಚೆಂಡು ಬೇಕಾದವರು ಕೈ ಎತ್ತಿ.'

ರೇಡಿಯೋ ಎರಡು ಸಲ ಓದಿದ. ಒಳಗೆ ಬಂದು ಕೋಚ್‌ನ ಕೇಳಿದ, "ಸರ್, ಈ ಶಿಕ್ಷೆ ಎಷ್ಟು ದಿನ?"

"ಒಂದು ವರ್ಷ. ಏಣಿಯ ಕರಾರಿನ ಕಾಗದದಲ್ಲಿ ಅಷ್ಟೇ ಇದೆ."

ಎಲ್ಲರಿಗೂ ಕೊಡುವ ಎರಡು ವರ್ಷವಲ್ಲ, ಒಂದೇ. ಕಿವಿ ಡಾಕ್ಟರ್ ಚೀಟಿ ತರಬೇಕೆಂಬ ಷರತ್ತು ಬೇರೆ. ಆದರೂ ಕಾಗದ. ಗೋಡೆ ಬೆಳಿಗ್ಗೆಯೇ ಬಂದು ಎಲ್ಲರ ಕೈ ಕುಲುಕಿ ಹೋದನಂತೆ. ಏಣಿಯ ಬಲಕ್ಕೆ ನಿಂತು ಏನೋ ಹೇಳಿದನಂತೆ. ಏನೆಂದು ಏಣಿ ಹೇಳುವುದಿಲ್ಲ.

ಹತ್ತಿ ತಂದಿಲ್ಲ ಇವತ್ತು. ಅಮ್ಮನಿಗೆ ಫೋನ್ ಮಾಡಬೇಕು, ಇಪ್ಪತ್ತು ನಿಮಿಷ ಆದ ಮೇಲೆ. ಸೀಟಿ ಊದಿದರು. ವಾಚ್ ಕೈಯಲ್ಲಿ. ಏಣಿ ಗೆರೆಯ ಮೇಲೆ, ಚೆಂಡು ಅವನ ಹತ್ತಿರ. ಎಡ ಭುಜದ ಹಿಂದೆ ರೇಡಿಯೋ, ಬಾಯಿ ಬಿಗಿಹಿಡಿದು, ಕೈ ಮೇಲೆ —